ಮನಸ್ಸಿನ ಮಂಡಿಗೆ: ಒಲೆ, ರೊಟ್ಟಿ ಮತ್ತು ನೆನಪು

ಅಡುಗೆಮನೆಯ ವಿಚಾರವು ಸಂಶೋಧನಪತ್ರಿಕೆಯೊಂದರ ಪುಟಗಳಿಗೆ ತಕ್ಕುದೇ ಎಂಬ ಸಂದೇಹವು ನಮ್ಮ ವಾಚಕರಲ್ಲಿ ಕೆಲವರಿಗಾದರೂ ಬಂದೀತು. ಶಾಸನ, ಛಂದಸ್ಸು, ವಂಶಾವಳಿಗಳ ನಡುವೆ ರೊಟ್ಟಿಗೆ ಏನು ಸ್ಥಾನವೆಂದು ಕೇಳುವವರಿಗೆ ನಮ್ಮ ಪೂರ್ವಿಕರೇ ಉತ್ತರ ಕೊಟ್ಟುಹೋಗಿದ್ದಾರೆ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದಾಗ ಜ್ಯೋತಿಷ, ವಾಸ್ತು, ವೃಕ್ಷವೈದ್ಯಗಳ ಜೊತೆಯಲ್ಲಿ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮುಂದೆ ೧೫೦೮ರ ಸುಮಾರಿಗೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಜೈನಪುರಾಣಗಳನ್ನು ಬರೆದ ಕೈಯೇ ಹಿಟ್ಟು ನಾದುವ ಕ್ರಮವನ್ನೂ ಬರೆಯಿತು; ಅದರಿಂದ ಕವಿಯ ಗೌರವಕ್ಕೆ ಕುಂದು ಬಂದಂತೆ ಕಾಣುವುದಿಲ್ಲ.

ಪ್ರಕೃತ ಲೇಖನದ ವಿಷಯ ಇನ್ನೂ ಸಂಕುಚಿತವಾದುದು. ಎಣ್ಣೆಯಲ್ಲಿ ಕರಿಯದೆ, ನೀರಿನಲ್ಲಿ ಕುದಿಸದೆ, ಹಬೆಯಲ್ಲಿ ಬೇಯಿಸದೆ, ಒಣಶಾಖದಿಂದ ಹಿಟ್ಟನ್ನು ಆಹಾರವನ್ನಾಗಿ ಮಾಡುವ ಮನೆಯ ಕಲೆ, ಮತ್ತು ಆ ಕಲೆಯು ಪರಸ್ಥಳದಲ್ಲಿ ನೆಲೆಸಿದವರ ಮನಸ್ಸಿನಲ್ಲಿ ಎಬ್ಬಿಸುವ ನೆನಪು, ಇವೆರಡೇ ಇಲ್ಲಿ ವಿಚಾರಕ್ಕೆ ಬರುವವು. ಈ ಕಲೆಗೆ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದವುಂಟು. ಕನ್ನಡದಲ್ಲಿ ಹಾಗೆ ಒಂದಿಲ್ಲ. ಉತ್ತರದ ಬಯಲಿನಲ್ಲಿ ರೊಟ್ಟಿ ‘ಬಡಿಯುತ್ತಾರೆ’, ಮೈಸೂರಿನ ಕಡೆ ‘ತಟ್ಟುತ್ತಾರೆ’, ಕೆಲವೆಡೆ ‘ಸುಡುತ್ತಾರೆ’. ಒಂದು ಪದವಿಲ್ಲದ ಮಾತ್ರಕ್ಕೆ ಕಲೆಯೇ ಇಲ್ಲವೆಂದು ಊಹಿಸುವುದು ಅವಸರದ ಮಾತು. ಆದರೂ ಇಂತಹ ಊಹೆ ನಮ್ಮಲ್ಲಿ ವಿದ್ಯಾವಂತರ ನಡುವೆಯೂ ಬಳಕೆಯಲ್ಲಿದೆ. ಪೋರ್ತುಗೀಜರು ಬಂದ ಮೇಲೆ ಪಾವು ಬಂತು, ಇಂಗ್ಲಿಷರು ಬಂದ ಮೇಲೆ ಕೇಕು ಬಂತು, ಅದಕ್ಕೆ ಮುಂಚೆ ನಾವು ಕುದಿಸುವವರೂ ಕರಿಯುವವರೂ ಮಾತ್ರವಾಗಿದ್ದೆವು ಎಂಬಂತೆ ಮಾತನಾಡುವವರನ್ನು ಈ ನಗರದ ಸಭೆಗಳಲ್ಲಿ ನಾನು ಕೇಳಿದ್ದೇನೆ. ಹುದುಗು ಬರಿಸಿ ಉಬ್ಬಿಸಿದ ರೊಟ್ಟಿಯೂ ಬೇಕರಿಯ ದೊಡ್ಡ ಗೂಡೊಲೆಯೂ ಹೊರಗಿನಿಂದ ಬಂದವೆಂಬುದು ನಿಜ. ಒಣಶಾಖದ ವಿದ್ಯೆ ಮಾತ್ರ ಹೊರಗಿನದಲ್ಲ.

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಂಡಕವೆಂಬ ಭಕ್ಷ್ಯದ ವಿಧಾನವಿದೆ. ಗೋಧಿಯನ್ನು ತೊಳೆದು ಒಣಗಿಸಿ, ಬೀಸಿ, ಸೋಸಿ, ನಾದಿ, ಉಂಡೆಗಳನ್ನು ಕೈಯಿಂದಲೇ ಹಿಗ್ಗಿಸಿ, ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವ ಕ್ರಮ ಅದು. ಈ ಮಂಡಕವೇ ಕನ್ನಡದ ಮಂಡಿಗೆ, ಮರಾಠಿಯ ಮಾಂಡೆ. ಸುಮಾರು ಒಂಬತ್ತುನೂರು ವರ್ಷಗಳ ಹಿಂದೆ ಅರಮನೆಯ ಬಾಣಸಿಗರು ಅನುಸರಿಸಿದ ಕ್ರಮದ ಮುಖ್ಯಾಂಶಗಳು ಇಂದಿಗೂ ಬೆಳಗಾವಿಯಲ್ಲಿ ಮಂಡಿಗೆ ಮಾಡುವವರ ಕೈಯಲ್ಲಿ ಉಳಿದುಕೊಂಡಿವೆಯೆಂಬುದು ಅನೇಕ ಶಾಸನಗಳಿಗೂ ಸಿಗದ ಭಾಗ್ಯವೆನ್ನಬೇಕು. ಮಂಗರಸನ ಗ್ರಂಥದಲ್ಲಿಯಾದರೋ ಹಿಟ್ಟಿನ ಪದಾರ್ಥಗಳಿಗೆ ಪ್ರತ್ಯೇಕ ಅಧ್ಯಾಯವೇ ಇದ್ದು, ಹಂಚಿನ ಮೇಲೆ ಬೇಯಿಸುವ ರೊಟ್ಟಿಗಳ ಜೊತೆಗೆ, ಮೇಲೊಂದು ಮುಚ್ಚಳವಿಟ್ಟು ಕೆಳಗೂ ಮೇಲೂ ಕೆಂಡವಿರಿಸಿ ಬೇಯಿಸುವ ಮುಚ್ಚಳರೊಟ್ಟಿಯೂ ಬರುತ್ತದೆ. ಕೆಳಗೆ ಬೆಂಕಿ, ಮೇಲೆ ಬೆಂಕಿ, ನಡುವೆ ಹಿಟ್ಟು; ಗೂಡೊಲೆಯ ತತ್ತ್ವ ಇದಕ್ಕಿಂತ ಬೇರೆಯಲ್ಲ.

ಈ ಎರಡು ಬೆಂಕಿಗಳ ಪದ್ಧತಿಯು ಕರಾವಳಿಯ ಮನೆಗಳಲ್ಲಿ ಇತ್ತೀಚಿನವರೆಗೂ ಜೀವಂತವಾಗಿತ್ತು. ತುಳುನಾಡಿನ ಕೆಂಡದಡ್ಯೆ ಹೆಸರಿನಲ್ಲಿಯೇ ಕೆಂಡವನ್ನು ಹೊತ್ತುಕೊಂಡಿದೆ. ಕೊಂಕಣಿ ಮಾತನಾಡುವವರ ತವಸಳಿಯೆಂದರೆ ಸೌತೆಕಾಯಿಯ ತುರಿ, ಅಕ್ಕಿಯ ಅಥವಾ ಗೋಧಿಯ ರವೆ, ಬೆಲ್ಲ, ತೆಂಗಿನಕಾಯಿಗಳನ್ನು ಕಲಸಿ ದಪ್ಪ ತಳದ ಪಾತ್ರೆಯಲ್ಲಿ ಹೊಯ್ದು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವ ಸಿಹಿ. ಇದಕ್ಕೆ ಹಿಟ್ಟಿನ ಅಂಟಿನಿಂದಲೂ ಹುದುಗಿನಿಂದಲೂ ಆಧಾರವಿಲ್ಲ. ಸೌತೆಕಾಯಿಯ ನೀರೇ ರವೆಯನ್ನು ಒಳಗಿನಿಂದ ಬೇಯಿಸುತ್ತದೆ, ಮೇಲಿನ ಕೆಂಡವು ಬೆಲ್ಲವನ್ನು ಕಂದಿಸಿ ಹೊರಪದರವನ್ನು ಗಟ್ಟಿಮಾಡುತ್ತದೆ. ಇಂದು ಮುಂಬಯಿಯ ಉಪನಗರಗಳ ಮನೆಗಳಲ್ಲಿ ಇದೇ ತವಸಳಿಯು ವಿದ್ಯುತ್ತಿನ ಒಲೆಯಲ್ಲಿ ಬೇಯುತ್ತದೆ, ಚೆನ್ನಾಗಿಯೇ ಬೇಯುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರಿನ ತಟ್ಟೆಯಲ್ಲಿ ಕರಿದ ತಿಂಡಿಗಳೊಡನೆ ರವೆ ಮತ್ತು ತೆಂಗಿನಕಾಯಿಯ ಕೇಕಿಗೂ ಸ್ಥಾನವುಂಟು. ಪೋರ್ತುಗೀಜರ ಪ್ರಭಾವವೂ ನಾಡಿನ ತೆಂಗಿನಕಾಯಿಯೂ ಅಲ್ಲಿ ಒಂದೇ ಪಾತ್ರೆಯಲ್ಲಿ ಕೂಡಿವೆ. ಈ ವಿಚಾರವು ಬೇರೊಂದು ಲೇಖನಕ್ಕೆ ಅರ್ಹವಾದುದರಿಂದ ಇಲ್ಲಿ ಮುಂದುವರಿಸುವುದಿಲ್ಲ.

ಮಂಡಿಗೆಯ ಹೆಸರು ನಮ್ಮ ಮಾತಿನಲ್ಲಿ ಮತ್ತೊಂದು ಕಾರಣದಿಂದ ಉಳಿದಿದೆ. ‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂಬ ನುಡಿಗಟ್ಟನ್ನು ಮಂಡಿಗೆಯನ್ನು ಕಣ್ಣಿನಿಂದ ಕಾಣದವರೂ ಬಳಸುತ್ತಾರೆ. ಮರಾಠಿಯಲ್ಲಿಯೂ ಇದೇ ಅರ್ಥದಲ್ಲಿ ಇದೇ ಮಾತು ಇದೆ. ಇಲ್ಲದ ಸುಖವನ್ನು ಕಲ್ಪಿಸಿಕೊಂಡು ಸವಿಯುವುದಕ್ಕೆ ಜನರು ಹೋಳಿಗೆಯನ್ನಾಗಲಿ ಕಡುಬನ್ನಾಗಲಿ ಆರಿಸದೆ ಮಂಡಿಗೆಯನ್ನೇ ಏಕೆ ಆರಿಸಿದರು? ಮಾಡುವ ಕ್ರಮವನ್ನು ನೋಡಿದರೆ ಕಾರಣ ತಾನೇ ತಿಳಿಯುತ್ತದೆ. ನಯವಾದ ಗೋಧಿಹಿಟ್ಟನ್ನು ಬಹಳ ಹೊತ್ತು ನಾದಿ, ನೆನೆಯಲು ಬಿಟ್ಟು, ಸಕ್ಕರೆ, ತುಪ್ಪ, ಏಲಕ್ಕಿಗಳ ಹೂರಣವನ್ನು ಅದರೊಳಗೆ ತುಂಬಿ ಲಟ್ಟಿಸಿ, ಆಮೇಲೆ ಎರಡು ಕೈಗಳ ಮೇಲೆ ಎತ್ತಿ ತಿರುಗಿಸುತ್ತ ಹಿಗ್ಗಿಸಬೇಕು. ಅದು ಹಾಳೆಯಷ್ಟು ತೆಳುವಾಗಿ, ಒಂದು ಮೊಳಕ್ಕೂ ಹೆಚ್ಚು ಅಗಲವಾದಾಗ, ಬೆಂಕಿಯ ಮೇಲೆ ಬೋರಲಾಗಿ ಇಟ್ಟು ಕಾಯಿಸಿದ ಬಾಣಲೆಯ ಬೆನ್ನಿನ ಮೇಲೆ ಹೊದಿಸಬೇಕು. ಬೆಂದ ಕೂಡಲೇ, ಬಿಸಿಯಿರುವಾಗಲೇ, ಮಡಚಬೇಕು. ಆರಿದ ಮೇಲೆ ಮಡಚಹೋದರೆ ಪುಡಿಯಾಗುತ್ತದೆ. ಇದನ್ನು ಎಲ್ಲ ಮನೆಗಳಲ್ಲಿ ಎಲ್ಲರೂ ಮಾಡಲಾರರು. ಬಲ್ಲವರನ್ನು ಕರೆಸಬೇಕು, ಮದುವೆಯಂತಹ ಸಂದರ್ಭ ಬರಬೇಕು, ತುಪ್ಪ ಸಕ್ಕರೆಗಳಿಗೆ ಹಣವಿರಬೇಕು. ಆದುದರಿಂದಲೇ ಅದು ಬಡವನ ಮನಸ್ಸಿನ ಭಕ್ಷ್ಯವಾಯಿತು.

ಬೋರಲು ಪಾತ್ರೆಯ ಉಪಯುಕ್ತತೆಯೂ ಗಮನಾರ್ಹವಾದುದು. ಉಬ್ಬಿದ ಮೈಯ ಮೇಲೆ ಹೊದಿಸಿದ ಹಾಳೆ ತನ್ನ ಭಾರದಿಂದಲೇ ಸುತ್ತಲೂ ಇಳಿದು ನೆರಿಗೆಯಿಲ್ಲದೆ ಕೂಡುತ್ತದೆ. ಸಮತಟ್ಟಾದ ಹಂಚಿನ ಮೇಲೆ ಅಷ್ಟು ಅಗಲದ ತೆಳು ಹಾಳೆಯನ್ನು ಸುಕ್ಕಿಲ್ಲದೆ ಹಾಸುವುದು ಅಸಾಧ್ಯಪ್ರಾಯ. ಮಹಾರಾಷ್ಟ್ರದಲ್ಲಿ ಪ್ರಸಿದ್ಧವಾದ ಒಂದು ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಜ್ಞಾನೇಶ್ವರನ ತಂಗಿ ಮುಕ್ತಾಬಾಯಿಗೆ ಮಾಂಡೆ ಮಾಡಲು ಕುಂಬಾರರು ಮಡಕೆ ಕೊಡದಂತೆ ವಿಸೋಬನು ತಡೆದನೆಂದೂ, ಆಗ ಜ್ಞಾನೇಶ್ವರನು ಯೋಗಾಗ್ನಿಯಿಂದ ತನ್ನ ಬೆನ್ನನ್ನೇ ಕಾಯಿಸಿ ತಂಗಿಗೆ ಒಡ್ಡಿದನೆಂದೂ ಹೇಳುತ್ತಾರೆ. ಕಥೆಯ ಸತ್ಯಾಸತ್ಯತೆ ಹೇಗೂ ಇರಲಿ, ಮಾಂಡೆಗೆ ಬೇಕಾದುದು ಬಾಗಿದ ಬೆನ್ನು ಎಂಬುದನ್ನು ಕಥೆ ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಮಂಡಿಗೆ ಹಾಗೆ ಹಿಗ್ಗುವುದಕ್ಕೆ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಕಾರಣ. ನೀರು ಸೇರಿಸಿ ನಾದಿದಾಗ ಗೋಧಿಯ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಆ ಬಲೆ ಎಳೆದಷ್ಟೂ ಹರಿಯದೆ ಬರುತ್ತದೆ. ಜೋಳದಲ್ಲಿ ಇದು ಇಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಮರಳಿನ ಹಾಗೆ ಬಿರಿಯುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಈ ತೊಡಕನ್ನು ಬಿಡಿಸಿದ ರೀತಿಯನ್ನು ನಾನು ಒಂದು ದೊಡ್ಡ ಶೋಧವೆಂದೇ ಎಣಿಸುತ್ತೇನೆ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರನ್ನು ಹೊಯ್ದರೆ, ಸುಮಾರು ೭೦ ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಾಟಿದಾಗ ಪಿಷ್ಟದ ಕಣಗಳು ನೀರು ಹೀರಿ ಊದಿ ಗಂಜಿಯಂತಾಗುತ್ತವೆ. ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದುಕೊಳ್ಳುವ ಅಂಟು. ಇದನ್ನೇ ‘ಜಿಗುಟು’ ಎನ್ನುವುದು. ಎಸರು ಕಡಿಮೆಯಾದರೆ ಅಂಚು ಒಡೆಯುತ್ತದೆ, ಹೆಚ್ಚಾದರೆ ಹಿಟ್ಟು ಕೈಗೆ ಹತ್ತಿ ರೊಟ್ಟಿ ಏಳುವುದಿಲ್ಲ. ಇನ್ನು ಬಡಿಯುವುದು: ಒಂದು ಕೈ ತಟ್ಟುತ್ತ, ಇನ್ನೊಂದು ಅಂಚನ್ನು ಕಾಯುತ್ತ, ರೊಟ್ಟಿ ತಾನೇ ಸುತ್ತುತ್ತ ಅಗಲವಾಗುತ್ತದೆ. ಗೋಧಿಯ ಕಣಕದಂತೆ ಜೋಳದ ಹಿಟ್ಟನ್ನು ಎಳೆಯಲಾಗದು. ಒತ್ತಿ ಒತ್ತಿಯೇ ಹಬ್ಬಿಸಬೇಕು. ಮಂಡಿಗೆ ಎಳೆತದ ಕಲೆ, ರೊಟ್ಟಿ ಬಡಿತದ ಕಲೆ.

ಹಂಚಿಗೆ ಹಾಕಿದ ಮೇಲೆ ರೊಟ್ಟಿಯ ಮೇಲ್ಮೈಗೆ ನೀರು ಸವರುವುದನ್ನು ಎಲ್ಲರೂ ನೋಡಿದ್ದೇವೆ. ಏಕೆಂದು ಕೇಳಿದವರು ಕಡಿಮೆ. ಬಡಿಯುವಾಗ ಉದುರಿಸಿದ ಒಣಹಿಟ್ಟನ್ನು ಆ ನೀರು ರೊಟ್ಟಿಗೆ ಅಂಟಿಸುತ್ತದೆ, ಮತ್ತು ಕೆಳಮೈ ಬೇಯುವವರೆಗೆ ಮೇಲ್ಮೈ ಒಣಗಿ ಸೀಳದಂತೆ ತಡೆಯುತ್ತದೆ. ತಿರುವಿ ಹಾಕಿದಾಗ ಎರಡು ಮೈಗಳೂ ಮುಚ್ಚಿಕೊಂಡು ಒಳಗಿನ ನೀರು ಹಬೆಯಾಗಿ ರೊಟ್ಟಿಯನ್ನು ಉಬ್ಬಿಸುತ್ತದೆ. ಕಟ್ಟಿಗೆಯ ಒಲೆಯಿದ್ದ ಕಾಲದಲ್ಲಿ ಕೊನೆಗೆ ರೊಟ್ಟಿಯನ್ನು ಒಲೆಯ ಬಾಯಿಗೆ, ಕೆಂಡದ ಎದುರಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಅಂದರೆ ಹಂಚಿನ ಸ್ಪರ್ಶದ ಶಾಖ ಒಂದು, ಕೆಂಡದ ಕಿರಣದ ಶಾಖ ಇನ್ನೊಂದು; ಮಂಗರಸನ ಮುಚ್ಚಳರೊಟ್ಟಿಯ ಎರಡು ಬೆಂಕಿಗಳು ಇಲ್ಲಿ ಒಂದಾದಮೇಲೊಂದಾಗಿ ಬಂದಿವೆ. ನಗರದ ಅನಿಲದ ಒಲೆಯಲ್ಲಿ ಮೊದಲನೆಯದು ಉಳಿಯಿತು. ಎರಡನೆಯದು ಜ್ವಾಲೆಗೆ ನೇರವಾಗಿ ಹಿಡಿಯುವ ಅವಸರದ ಕೆಲಸವಾಯಿತು. ರೊಟ್ಟಿಯನ್ನು ಇನ್ನೂ ತೆಳುವಾಗಿ ಬಡಿದು, ನೀರಿನಂಶವೆಲ್ಲ ಆರುವವರೆಗೆ ಶಾಖದ ಬಳಿ ಇಟ್ಟರೆ ಅದು ಕಡಕ ರೊಟ್ಟಿ. ಬೂಷ್ಟಿಗೆ ಬೇಕಾದ ತೇವ ಅದರಲ್ಲಿಲ್ಲದ ಕಾರಣ ತಿಂಗಳುಗಟ್ಟಲೆ ಕೆಡುವುದಿಲ್ಲ. ವಿಜಯಪುರ, ಕಲಬುರಗಿಗಳಿಂದ ದೂರದ ನಗರಗಳಿಗೆ ಹೊರಟವರ ಗಂಟಿನಲ್ಲಿ ಅದಕ್ಕಿಂತ ಹಗುರವೂ ಭದ್ರವೂ ಆದ ಬುತ್ತಿ ಬೇರೊಂದಿರಲಿಲ್ಲ.

ಇನ್ನು ನೆನಪಿನ ವಿಚಾರಕ್ಕೆ ಬರೋಣ. ಕಾದ ಹಂಚಿನ ಮೇಲೆ ಹಿಟ್ಟು ಕಂದುಬಣ್ಣಕ್ಕೆ ತಿರುಗುವಾಗ ಹೊರಡುವ ಪರಿಮಳದ ರಹಸ್ಯವನ್ನು ಮೊದಲು ವಿವರಿಸಿದವನು ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಲ್ ಮೈಯಾರ್. ೧೯೧೨ರಲ್ಲಿ ಆತನು ಅಮೈನೋ ಆಮ್ಲಗಳೂ ಸಕ್ಕರೆಗಳೂ ಶಾಖದಲ್ಲಿ ಕೂಡಿದಾಗ ಆಗುವ ಮಾರ್ಪಾಡನ್ನು ಪ್ರಕಟಿಸಿದನು. ನೀರಿನಲ್ಲಿ ಕುದಿಯುವ ಪದಾರ್ಥದ ಶಾಖ ೧೦೦ ಡಿಗ್ರಿಯನ್ನು ಮೀರದು. ಆದುದರಿಂದ ಮುದ್ದೆಗೆ ಈ ಪರಿಮಳವಿಲ್ಲ, ರೊಟ್ಟಿಗೆ ಉಂಟು. ಮುದ್ದೆಯನ್ನು ಹೀಗಳೆಯಲು ಈ ಮಾತಲ್ಲವೆಂದು ಹಳೆಯ ಮೈಸೂರಿನ ಮಿತ್ರರಿಗೆ ಅರಿಕೆ. ಗೋಧಿಯ ಬ್ರೆಡ್ಡಿನ ಹೊರಪದರಕ್ಕೆ ಅದರ ವಿಶಿಷ್ಟ ವಾಸನೆಯನ್ನು ಕೊಡುವ ದ್ರವ್ಯಗಳಲ್ಲಿ ೨-ಅಸಿಟೈಲ್-೧-ಪೈರೋಲಿನ್ ಮುಖ್ಯವಾದುದು. ೧೯೮೦ರ ದಶಕದ ಮೊದಲಲ್ಲಿ ಸುಗಂಧದ ಅಕ್ಕಿಯಲ್ಲಿ ಗುರುತಿಸಲಾದುದೂ ಇದೇ. ಬೇಕರಿಯ ಮುಂದೆ ಹಾಯುವಾಗ ಹಬ್ಬದ ಅನ್ನದ ನೆನಪಾಗುವವರಿದ್ದರೆ ಅವರ ಮೂಗು ತಪ್ಪಿಲ್ಲ.

ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿ ಮೆದುಳಿನ ಥೆಲಮಸ್ ಎಂಬ ನಡುಮನೆಯನ್ನು ಹಾಯ್ದು ಮುಂದಕ್ಕೆ ಹೋಗುತ್ತದೆ. ವಾಸನೆಯ ಸುದ್ದಿಯೊಂದೇ ಆ ನಡುಮನೆಯಲ್ಲಿ ಮೊದಲು ತಂಗದೆ, ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲದ ಬಳಿಗೂ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ಸಿನ ನೆರೆಗೂ ನೇರವಾಗಿ ಸೇರುತ್ತದೆ. ವಾಸನೆಯನ್ನು ಹಿಡಿಯುವ ಗ್ರಾಹಕಗಳ ಜೀನುಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ೧೯೯೧ರಲ್ಲಿ ಪ್ರಕಟಿಸಿದರು. ಅದಕ್ಕಾಗಿ ೨೦೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಮನುಷ್ಯನಲ್ಲಿ ಕೆಲಸಮಾಡುವ ಇಂತಹ ಗ್ರಾಹಕಗಳು ಸುಮಾರು ೪೦೦ ಬಗೆಯವು. ನಾವು ರುಚಿಯೆಂದು ಕರೆಯುವುದರ ಬಹುಭಾಗವೂ, ಜಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ ಆಗಿದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದರಿಂದಲೇ.

ಇನ್ನೆರಡು ಸಂಗತಿಗಳನ್ನು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ, ಮತ್ತು ನಮ್ಮ ವಿಚಾರಕ್ಕೆ ಅವೇ ಮುಖ್ಯವಾದವು. ಮಾತಿನಿಂದಲೋ ಚಿತ್ರದಿಂದಲೋ ಎಚ್ಚರಗೊಳ್ಳುವ ನೆನಪುಗಳು ಹೆಚ್ಚಾಗಿ ಹರೆಯದ ಮತ್ತು ಯೌವನದ ಕಾಲಕ್ಕೆ ಸೇರಿದ್ದರೆ, ವಾಸನೆಯಿಂದ ಎಚ್ಚರಗೊಳ್ಳುವವು ಬಹುಮಟ್ಟಿಗೆ ಜೀವನದ ಮೊದಲ ಹತ್ತು ವರ್ಷಗಳವು. ಎರಡನೆಯದಾಗಿ, ವಾಸನೆಯ ನೆನಪು ಹೆಚ್ಚು ಭಾವಪೂರ್ಣವಾಗಿರುತ್ತದೆ, ಹೆಚ್ಚು ಖಚಿತವಾಗಿರಬೇಕೆಂದೇನೂ ಇಲ್ಲ. ನೆನಪಿನ ಈ ಗುಣಕ್ಕೆ ಜಗತ್ಪ್ರಸಿದ್ಧವಾದ ಸಾಕ್ಷಿಯೆಂದರೆ ೧೯೧೩ರಲ್ಲಿ ಮೊದಲ ಸಂಪುಟ ಹೊರಬಂದ ಮಾರ್ಸೆಲ್ ಪ್ರೂಸ್ತನ ಕಾದಂಬರಿ. ಚಹದಲ್ಲಿ ಅದ್ದಿದ ಮಾದ್ಲೇನ್ ಎಂಬ ಪುಟ್ಟ ಕೇಕಿನ ತುಣುಕೊಂದು ಕಥಾನಾಯಕನ ಬಾಲ್ಯದ ಊರನ್ನೆಲ್ಲ ಎತ್ತಿ ತಂದು ನಿಲ್ಲಿಸುತ್ತದೆ. ಆದರೆ ಆ ಕಾದಂಬರಿಗೆ ಮುನ್ನ ಬರೆದ ಕರಡಿನಲ್ಲಿ ಕೇಕಿರಲಿಲ್ಲ. ಅಲ್ಲಿದ್ದುದು ಸುಟ್ಟ ಬ್ರೆಡ್ಡಿನ ಚೂರು. ನೆನಪಿನ ವಿಷಯದಲ್ಲಿ ಲೋಕಕ್ಕೆ ಗುರುವಾದವನೇ ತಿಂಡಿಯನ್ನು ಬದಲಾಯಿಸಿಕೊಂಡನು, ಭಾವವನ್ನು ಉಳಿಸಿಕೊಂಡನು.

ಈಗ ನಮ್ಮವರು ಕೂಡಿದಾಗಲೆಲ್ಲ ಕೇಳಿಬರುವ ಮಾತೊಂದನ್ನು ಪರೀಕ್ಷಿಸಬಹುದು: ‘ಊರಿನ ರೊಟ್ಟಿಯ ರುಚಿ ಇಲ್ಲಿಯದಕ್ಕಿಲ್ಲ.’ ಇದರಲ್ಲಿ ಮನಸ್ಸಿನ ಮಂಡಿಗೆಯ ಪಾಲೆಷ್ಟು, ಹಂಚಿನ ಪಾಲೆಷ್ಟು? ಬೆಳಗಾವಿ, ವಿಜಯಪುರ, ಧಾರವಾಡ, ಕಾರವಾರದ ಜಿಲ್ಲೆಗಳು ೧೯೫೬ರ ನವೆಂಬರ ೧ರವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಲ್ಲಿಂದ ಇಲ್ಲಿಗೆ ಬಂದವರು ನೆರೆಮನೆಯ ಮರಾಠಿ ಬಾಯಿಯ ಭಾಕರಿಯಲ್ಲಿ ತಮ್ಮ ರೊಟ್ಟಿಯನ್ನೇ ಕಂಡರು. ಆದುದರಿಂದ ಜೋಳ ಸಿಗದೆಂಬ ದೂರಿಗೆ ಈ ನಗರದಲ್ಲಿ ಎಂದೂ ಅಷ್ಟಾಗಿ ಆಸ್ಪದವಿರಲಿಲ್ಲ. ಸಿಕ್ಕುವ ಜೋಳ ಯಾವುದು ಎಂಬುದೇ ಪ್ರಶ್ನೆ. ಕರಿಮಣ್ಣಿನ ಹಿಂಗಾರಿ ಜೋಳವು ಮಳೆ ನಿಂತ ಮೇಲೆ, ನೆಲದಲ್ಲಿ ಉಳಿದ ತೇವದಿಂದ ಬೆಳೆದು, ಒಣಹವೆಯಲ್ಲಿ ಮಾಗಿ, ಬಿಳಿಯ ಹೊಳಪಿನ ದಪ್ಪ ಕಾಳಾಗುತ್ತದೆ. ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ೧೯೩೦ರ ದಶಕದಲ್ಲಿ ಆರಿಸಿದ ಎಂ ೩೫-೧ ಎಂಬ ತಳಿ ಇಂದಿಗೂ ರೊಟ್ಟಿಗೆ ಮೇಲೆನಿಸಿಕೊಂಡಿದೆ. ೧೯೬೪ರಲ್ಲಿ ಸಿ.ಎಸ್.ಎಚ್. ೧ ಎಂಬ ಮೊದಲ ಸಂಕರ ಜೋಳ ಬಿಡುಗಡೆಯಾಗಿ ಮುಂಗಾರಿಯ ಇಳುವರಿ ಏರಿತು. ಆದರೆ ಮುಂಗಾರಿಯ ಕಾಳು ಮಾಗುವಾಗ ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ‘ಹೈಬ್ರಿಡ್ ಜೋಳ’ವೆಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬೈಗುಳವಾದುದು ಕೇವಲ ಹಳಹಳಿಕೆಯಿಂದಲ್ಲ.

ಹಿಟ್ಟಿನ ವಯಸ್ಸು ಎರಡನೆಯ ಕಾರಣ. ಬೀಸಿದ ಜೋಳದ ಹಿಟ್ಟು ದಿನ ಕಳೆದಂತೆ ಅದರೊಳಗಿನ ಕೊಬ್ಬು ಕೆಟ್ಟು ಕಹಿಯಾಗುತ್ತದೆ. ಜಿಗುಟೂ ತಗ್ಗುತ್ತದೆಯೆಂದು ಬಡಿಯುವವರು ಹೇಳುತ್ತಾರೆ. ಊರಿನಲ್ಲಿ ವಾರಕ್ಕೆ ಬೇಕಾದಷ್ಟನ್ನೇ ಬೀಸುತ್ತಿದ್ದರು. ಇಲ್ಲಿ ಚೀಲದಲ್ಲಿ ಮೊಹರಾಗಿ ಬರುವ ಹಿಟ್ಟಿನ ಬೀಸಿದ ದಿನಾಂಕವನ್ನು ಓದುವವರು ಎಷ್ಟು ಮಂದಿ? ಗಿರಣಿಯು ಇನ್ನೂ ಇರುವ ಬೀದಿಯಲ್ಲಿ ವಾಸಿಸುವವರು ಕಾಳನ್ನು ಕೊಂಡು ಬೀಸಿಸಿ ನೋಡಲಿ. ನಾನು ನೋಡಿದ ಮನೆಗಳಲ್ಲಿ ‘ಊರಿನ ರುಚಿ’ಯ ಅರ್ಧದಷ್ಟು ಈ ಒಂದೇ ಕ್ರಮದಿಂದ ಮರಳಿ ಬಂದಿದೆ. ಮೂರನೆಯ ಕಾರಣ ಕೆಂಡ. ಅದು ಹತ್ತನೆಯ ಅಂತಸ್ತಿಗೆ ಏರುವಂತಿಲ್ಲ. ಇವೆಲ್ಲವನ್ನೂ ಕಳೆದು ಉಳಿಯುವ ಶೇಷವೇ ಬಾಲ್ಯ, ಅದಕ್ಕೆ ಯಾವ ಗಿರಣಿಯೂ ಇಲ್ಲ.

ಆ ಶೇಷದ ವಿಷಯದಲ್ಲಿಯೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ರೊಟ್ಟಿಯ ನೆನಪನ್ನು ಕುರಿತು ನಮ್ಮಲ್ಲಿ ಬರೆದವರು ಬಹುತೇಕ ತಿಂದವರು, ಬಡಿದವರಲ್ಲ. ಬುಟ್ಟಿಯ ಮುಂದೆ ಕುಳಿತವನಿಗೆ ಪರಿಮಳವಾಗಿದ್ದುದು ಒಲೆಯ ಮುಂದೆ ಕುಳಿತವಳಿಗೆ ಹೊಗೆಯಾಗಿತ್ತು. ಬೆಳಗಿನ ಜಾವಕ್ಕೆ ಎದ್ದು ಬೀಸಿ, ಹೊಲಕ್ಕೆ ಹೋಗುವವರ ಬುತ್ತಿಗೆ ಮೂವತ್ತು ನಾಲ್ವತ್ತು ರೊಟ್ಟಿ ಬಡಿದ ಕೈಗಳು ರೊಟ್ಟಿಯನ್ನು ನೆನೆಯುವ ರೀತಿ ಬೇರೆ. ವಯಸ್ಸಾದ ಹೆಣ್ಣುಮಕ್ಕಳನ್ನು ಕೇಳಿದರೆ ಅವರು ಮೊದಲು ಹೇಳುವುದು ಹೆಚ್ಚಾಗಿ ಅಂಗೈಯ ಉರಿ ಮತ್ತು ಕಣ್ಣಿನ ನೀರು. ಆಮೇಲೆ ರೊಟ್ಟಿ ಪಂಚಮಿಯ ಸಂಭ್ರಮ. ನಾಗರಪಂಚಮಿಗೆ ಮುಂಚೆ ಬರುವ ಆ ದಿನ ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿಗಳ ವಿನಿಮಯ ನಡೆಯುತ್ತದೆ. ಸಂಕ್ರಾಂತಿಯ ಸುಮಾರಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರುವ ಬುತ್ತಿ, ಬಿಸಿರೊಟ್ಟಿಯನ್ನು ಬೆಳ್ಳುಳ್ಳಿ ಖಾರದೊಡನೆ ಮುರಿದು ಮಿದ್ದಿ ಮಕ್ಕಳ ಕೈಗಿಡುವ ಮುಟಗಿ, ಇವೆಲ್ಲ ಅವರಿಗೂ ಪ್ರಿಯವೇ. ಆದರೆ ರೊಟ್ಟಿಯ ಯಂತ್ರ ಬಂದಿತೆಂದು ಅವರು ಅಳುವುದನ್ನು ನಾನು ಕಂಡಿಲ್ಲ. ಇಂದು ಹುಬ್ಬಳ್ಳಿ, ವಿಜಯಪುರ, ಕಲಬುರಗಿಗಳಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರ ಗುಂಪುಗಳು ಹಲವಿವೆ. ಅದೇ ದುಡಿಮೆಗೆ ಮೊದಲ ಬಾರಿ ಕೂಲಿ ಗೊತ್ತಾದುದನ್ನು ಸಂಸ್ಕೃತಿಯ ಅಳಿವೆಂದು ಹಲುಬುವವರ ಪಂಕ್ತಿಯಲ್ಲಿ ನಾನಿಲ್ಲ.

ಬೀಸುವಕಲ್ಲಿನ ಉದಾಹರಣೆ ನಮ್ಮ ಮುಂದಿದೆ. ಹಲಸಂಗಿಯ ಗೆಳೆಯರು ಬೀಸುವ, ಕುಟ್ಟುವ ಹೆಂಗಸರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಗಿರಣಿಯ ಸದ್ದು ಬೀಸುವ ಹಾಡನ್ನು ನುಂಗುವ ಮುನ್ನ ಹಾಡು ಕಾಗದಕ್ಕೆ ಬಂದಿತು. ಕಲ್ಲು ಹೋಯಿತು, ಪದ ಉಳಿಯಿತು. ಬೀಸುವ ಶ್ರಮ ಹೋದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಬಡಿಯುವ ಕೈಯ ವಿಷಯದಲ್ಲಿ ಅಂತಹ ದಾಖಲೆ ಇನ್ನೂ ಸಾಕಷ್ಟು ಆಗಿಲ್ಲ. ಅಡುಗೆಯ ಪುಸ್ತಕಗಳಲ್ಲಿ ‘ಹಿಟ್ಟು ಎರಡು ಬಟ್ಟಲು, ಬಿಸಿನೀರು ಬೇಕಾದಷ್ಟು’ ಎಂದಿರುತ್ತದೆ. ಬ್ಯಾಂಕಿನಲ್ಲಿ ಕೊನೆಯ ಪೈಸೆಗೂ ಚೀಟಿ ಕೇಳುವ ಉದ್ಯೋಗದ ನನಗೆ ಈ ‘ಬೇಕಾದಷ್ಟು’ ಎಂಬ ಪದವು ಬಹಳ ದಿನಗಳಿಂದ ಕಾಡಿದೆ. ಇಡೀ ವಿದ್ಯೆ ಆ ಒಂದು ಪದದೊಳಗೆ ಅಡಗಿ ಕುಳಿತಿದೆ, ಮತ್ತು ಅದನ್ನು ಬಲ್ಲ ಕೈಗಳಿಗೆ ಈಗ ಎಪ್ಪತ್ತು ಎಂಬತ್ತು ವರ್ಷ.

ವಾಸನೆಯ ನೆನಪು ಮೊದಲ ಹತ್ತು ವರ್ಷಗಳಲ್ಲಿ ಬೇರೂರುವುದೆಂಬ ಸಂಗತಿಗೆ ನಮ್ಮ ಮಟ್ಟಿಗೆ ಇನ್ನೊಂದು ಅರ್ಥವುಂಟು. ಇಲ್ಲಿ ಹುಟ್ಟಿದ ಮಗುವಿಗೆ ಹತ್ತು ತುಂಬುವುದರೊಳಗೆ ಹಂಚಿನ ರೊಟ್ಟಿಯ ವಾಸನೆ ಮನೆಯಲ್ಲಿ ಹಾಯ್ದಿದ್ದರೆ ಆಯಿತು. ಇಲ್ಲದಿದ್ದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಅದಕ್ಕೆ ಕನ್ನಡದ ವರ್ಣಮಾಲೆಯನ್ನು ಕಲಿಸಬಹುದು, ಈ ನೆನಪನ್ನು ಕಲಿಸಲಾಗದು. ೨೦೨೩ನ್ನು ಸಂಯುಕ್ತ ರಾಷ್ಟ್ರಗಳು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೆ ಅಂಗಡಿಗಳಲ್ಲಿ ಹೊಸ ಬೆಲೆ ಬಂತು, ಬಿಸ್ಕತ್ತಾಗಿಯೂ ಬಂತು. ಆ ಬಿಸ್ಕತ್ತು ಕೂಡ ಯಾವುದಾದರೂ ಮಗುವಿಗೆ ಬಾಲ್ಯವಾದೀತು. ಮೂಲೆಯ ಬೇಕರಿಯಿಂದ ಮುಂಜಾವಿನಲ್ಲಿ ಬರುವ ಪಾವಿನ ಬಿಸಿವಾಸನೆಯೇ ನಮ್ಮ ಮಕ್ಕಳಲ್ಲಿ ಹಲವರಿಗೆ ‘ಊರಿನ’ ವಾಸನೆಯಾಗಿದೆ; ಅದನ್ನು ಕೀಳೆನ್ನಲು ನಮಗೆ ಅಧಿಕಾರವಿಲ್ಲ. ಎರಡೂ ಇರಲೆಂದು ಬಯಸಬಹುದು, ಬಯಸುವ ಗಂಡಸರು ತಾವೇ ಪರಾತದ ಮುಂದೆ ಕುಳಿತುಕೊಳ್ಳಬಹುದು.

ನಮ್ಮ ಸಂಘದ ಮಟ್ಟಿಗೆ ಮಾಡಬಹುದಾದ ಕೆಲಸವೊಂದಿದೆ. ಸದಸ್ಯರ ಮನೆಗಳಲ್ಲಿ ಈ ಕಲೆಯನ್ನು ಬಲ್ಲ ಹಿರಿಯರಿದ್ದರೆ, ಪಾಕವಿಧಾನವನ್ನಷ್ಟೇ ಕೇಳದೆ, ಅವರು ಮಾಡುವಾಗ ಪಕ್ಕದಲ್ಲಿ ತಕ್ಕಡಿಯನ್ನೂ ಶಾಖಮಾಪಕವನ್ನೂ ಇಟ್ಟುಕೊಂಡು ಕುಳಿತು, ನೂರು ತೂಕ ಹಿಟ್ಟಿಗೆ ಎಸರು ಎಷ್ಟು ತೂಕ ಹೋಯಿತು, ಹೊಯ್ಯುವಾಗ ಅದರ ಶಾಖವೆಷ್ಟು, ಒಂದು ರೊಟ್ಟಿಗೆ ಎಷ್ಟು ಬಡಿತ, ನೀರು ಸವರಿದ ಎಷ್ಟು ಹೊತ್ತಿಗೆ ತಿರುವಿದರು ಎಂಬುದನ್ನು ಬರೆದಿಡಬೇಕು. ಕೈಗಳ ಚಲನೆಯನ್ನು ಚಿತ್ರೀಕರಿಸಿಕೊಳ್ಳುವುದು ಈಗ ಕಿಸೆಯಲ್ಲಿರುವ ದೂರವಾಣಿಯಿಂದಲೇ ಸಾಧ್ಯ. ತವಸಳಿಯ ಮುಚ್ಚಳದ ಮೇಲೆ ಎಷ್ಟು ಕೆಂಡ, ಯಾವ ಕಟ್ಟಿಗೆಯದು, ತೆಂಗಿನ ಚಿಪ್ಪೋ ಗೇರುಮರವೋ ಎಂಬುದೂ ಬೇಕು. ಅವರು ಬಳಸುವ ಮಾತುಗಳನ್ನು ತಿದ್ದದೆ, ಅವರ ಊರಿನ ಉಚ್ಚಾರದಲ್ಲಿಯೇ ಬರೆದುಕೊಳ್ಳಬೇಕು. ರೊಟ್ಟಿಯನ್ನು ತಿರುವುವ ಉಪಕರಣವೊಂದಕ್ಕೇ ಮಗುಚುವ ಕೈ, ಸಟ್ಟುಗ ಎಂದು ಸೀಮೆಗೊಂದು ಹೆಸರಿದೆ. ಹಿಟ್ಟಿನ ಹದಗೆಟ್ಟ ಒಂದೊಂದು ಬಗೆಗೂ ಬೇರೆ ಬೇರೆ ಮಾತುಗಳಿದ್ದು, ಅವುಗಳಲ್ಲಿ ಹಲವು ನಿಘಂಟುಗಳಿಗೆ ಇನ್ನೂ ಬಂದಿಲ್ಲ. ಮಂಡಿಗೆಯನ್ನು ಮನೆಯಲ್ಲಿಯೇ ಮಾಡಬಲ್ಲವರು ಸದಸ್ಯರ ಬಂಧುವರ್ಗದಲ್ಲಿ ಯಾರಾದರೂ ಇದ್ದರೆ ಅವರಿಂದಲೇ ಮೊದಲು ಮಾಡುವುದು ಲೇಸು. ಬಾಣಲೆಯನ್ನೂ ತುಪ್ಪವನ್ನೂ ಒದಗಿಸುವ ಭಾರ ಸಂಘದ್ದಾಗಲಿ.